ಹಿಮ್ಮಡಿಗೊಂದು ಸೂಜಿ

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಬರಿಗಾಲಿನಿಂದ ನಡೆದು ಬರುವವರು ಇಂದಿಗೂ ಅನೇಕರು. ಜಾತ್ರೆ ಸಮೀಪಿಸಿದಾಗ ಬೈಲಹೊಂಗಲ, ಕಿತ್ತೂರುಗಳ ದವಾಖಾನೆಗಳಲ್ಲಿ ಈ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ: “ಸಾಹೇಬ್ರ, ಹಿಂಬಡ ಭಾಳ ನೋಯಾಕತ್ತೈತ್ರಿ, ಒಂದು ಸೂಜಿ ಮಾಡಿಬಿಡ್ರಿ.” ಗುಳಿಗೆ ಕೊಟ್ಟ ವೈದ್ಯನಿಗಿಂತ ಸೂಜಿ ಮಾಡಿದ ವೈದ್ಯನೇ ದೊಡ್ಡವನೆಂಬ ನಂಬಿಗೆ ನಮ್ಮ ಭಾಗದಲ್ಲಿ ಬಲವಾಗಿದೆ. ನಾನು ವೈದ್ಯನಲ್ಲ, ಕನ್ನಡ ಕಲಿಸಿದವನು. ಆದರೆ ಎರಡು ವರ್ಷ ಈ ನೋವನ್ನು ಉಂಡವನಾದುದರಿಂದ, ವೈದ್ಯಮಿತ್ರರಿಂದ ಕೇಳಿ, ಓದಿ ತಿಳಿದುದನ್ನು ತಮ್ಮ ಮುಂದಿಡುತ್ತೇನೆ.

ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಎಲುಬಿಗೆ ಬಿಗಿದಿರುವ ರಜ್ಜುವೊಂದುಂಟು. ದೇಹದಲ್ಲಿ ಇದಕ್ಕಿಂತ ದಪ್ಪನಾದ ರಜ್ಜು ಬೇರೊಂದಿಲ್ಲ. ಅಕಿಲೀಸನ ಹೆಸರು ಅದಕ್ಕೆ ಅಂಟಿದೆ. ಆ ಗ್ರೀಕ್ ವೀರನನ್ನು ತಾಯಿ ಥೆಟಿಸ್ ಹಿಮ್ಮಡಿ ಹಿಡಿದು ಸ್ಟಿಕ್ಸ್ ನದಿಯಲ್ಲಿ ಅದ್ದಿದಳೆಂದೂ, ಕೈ ಹಿಡಿದ ತಾವಷ್ಟೇ ನೆನೆಯದೆ ಉಳಿದು ಅಲ್ಲಿಯೇ ಬಾಣ ನಾಟಿತೆಂದೂ ಕಥೆ. ನಮ್ಮ ಶ್ರೀಕೃಷ್ಣನಿಗೂ ಜರನೆಂಬ ಬೇಡನ ಬಾಣ ತಗಲಿದುದು ಪಾದಕ್ಕೇ! ಹೊಲದಲ್ಲಿ ದುಡಿಯುವ ರೈತನಿಗೂ, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ತುಳಿಯುವ ರಾಮದುರ್ಗದ ನೇಕಾರನಿಗೂ ಈ ರಜ್ಜುವೇ ಆಧಾರ.

ಬಹುಕಾಲದ ನೋವಿನಲ್ಲಿ ಮುಖ್ಯವಾಗಿರುವುದು ಉರಿಯೂತವಲ್ಲ, ಎಳೆಗಳ ಸವಕಳಿ. ಹಳೆಯ ಮಿಣಿಯ ಎಳೆಗಳು ಬಿಚ್ಚಿಕೊಂಡಂತೆ. ಸ್ಟೀರಾಯ್ಡ್ ಸೂಜಿಯಿಂದ ಕೆಲವು ವಾರ ನೋವು ಅಡಗಬಹುದು. ಆದರೆ ಔಷಧವು ರಜ್ಜುವಿನೊಳಗೆ ಸೇರಿದರೆ ಅದು ಇನ್ನಷ್ಟು ದುರ್ಬಲವಾಗಿ ಹರಿಯುವ ಅಪಾಯವುಂಟು. ನೋವಿಲ್ಲವೆಂದು ಗುಡ್ಡವೇರಿದವನಿಗೆ ಹಿಂದಿನಿಂದ ಯಾರೋ ಒದ್ದಂತಾಗಿ ‘ಟಕ್’ ಎಂದರೆ, ಆಮೇಲೆ ತಿಂಗಳುಗಟ್ಟಲೆ ದುಡಿಮೆಯಿಲ್ಲ. ಕೂಲಿಯವನಿಗೆ ಇದು ಸಣ್ಣ ಮಾತಲ್ಲ.

ಈಚೆಗೆ ನಗರಗಳಲ್ಲಿ ದುಬಾರಿಯಾದ ಇನ್ನೊಂದು ಸೂಜಿ ಬಂದಿದೆ. ರೋಗಿಯ ರಕ್ತವನ್ನೇ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಕಣಗಳು ಹೆಚ್ಚಾಗಿರುವ ಭಾಗವನ್ನು ಚುಚ್ಚುವುದು. ಕೇಳಲು ಸೊಗಸು. 2010ರಲ್ಲಿ ನೆದರ್ಲೆಂಡ್ಸಿನಲ್ಲಿ 54 ರೋಗಿಗಳ ಪೈಕಿ ಕೆಲವರಿಗೆ ಇದನ್ನೂ, ಉಳಿದವರಿಗೆ ಬರಿಯ ಉಪ್ಪುನೀರನ್ನೂ ಕೊಟ್ಟು 24 ವಾರ ನೋಡಿದರು. ವ್ಯತ್ಯಾಸ ಕಾಣಲಿಲ್ಲ. ಬ್ರಿಟನ್ನಿನಲ್ಲಿ 240 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿಯೂ, ಸುಳ್ಳು ಸೂಜಿಗಿಂತ ಇದು ಮೇಲೆನ್ನಲು ಆಧಾರ ದೊರೆಯಲಿಲ್ಲ. ಸ್ವಾರಸ್ಯವೆಂದರೆ, ಡಚ್ಚರ ಪರೀಕ್ಷೆಯಲ್ಲಿ ಎರಡೂ ಗುಂಪಿನವರಿಗೆ ಗುಣ ಕಂಡಿತ್ತು. ಎರಡೂ ಗುಂಪಿನವರು ವ್ಯಾಯಾಮವನ್ನು ಮಾಡಿದ್ದರು.

ಆ ವ್ಯಾಯಾಮವನ್ನು ಸ್ವೀಡನ್ನಿನ ಆಲ್ಫ್ರೆಡ್‌ಸನ್ 1998ರಲ್ಲಿ 15 ಮಂದಿ ಓಟಗಾರರ ಮೇಲೆ ಪ್ರಯೋಗಿಸಿ ಹೆಸರಾದರು. ಮೆಟ್ಟಿಲಂಚಿನಲ್ಲಿ ಮುಂಗಾಲೂರಿ ನಿಂತು, ನೋವಿರುವ ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು. ಮೇಲೇಳಲು ಇನ್ನೊಂದು ಕಾಲಿನ ನೆರವು. ಮೊಣಕಾಲು ನೆಟ್ಟಗಿಟ್ಟು 15ರಂತೆ ಮೂರು ಸಲ, ಮಡಿಸಿ ಮತ್ತೆ ಅಷ್ಟೇ. ದಿನಕ್ಕೆರಡು ಹೊತ್ತು, 12 ವಾರ. ಎಲುಬಿಗೆ ಅಂಟಿದ ತುದಿಯಲ್ಲಿಯೇ ನೋವಿರುವವರು ಮೆಟ್ಟಿಲಿಗಿಂತ ಕೆಳಗಿಳಿಸದೆ ಸಮನೆಲದಲ್ಲಿ ಮಾಡತಕ್ಕದ್ದು. ಯಾವ ಬಗೆಯ ನೋವೆಂಬುದನ್ನು ಮೊದಲು ವೈದ್ಯರೇ ಹೇಳಬೇಕು. ಎಲ್ಲರಿಗೂ ಪೂರ್ಣ ಗುಣವಾಗುತ್ತದೆಂದೇನೂ ಇಲ್ಲ.

ಕಾರ್ತಿಕದ ಗೌರಿ ಹುಣ್ಣಿಮೆಯಿಂದ ಭರತ ಹುಣ್ಣಿಮೆಗೆ ಮೂರು ತಿಂಗಳು. ಹನ್ನೆರಡು ವಾರಕ್ಕೆ ಸರಿಯಾಗಿ ಸಾಲುತ್ತದೆ. ಗುಡ್ಡಕ್ಕೆ ನಡೆದು ಹೋಗುವವರು ಅಂದೇ ತಮ್ಮ ಮನೆಯ ಕಟ್ಟೆಯ ಮೆಟ್ಟಿಲ ಮೇಲೆ ಆರಂಭಿಸಬಹುದು.