ಮಾತಿಲ್ಲದ ವಿಮಾನ

ಸಿಂಧನೂರಿನ ಸಂತೆಯಲ್ಲಿ ಹತ್ತು ಹೆಜ್ಜೆ ಹಾಕಿದರೆ ಕನ್ನಡ, ತೆಲುಗು, ಉರ್ದು ಕಿವಿಗೆ ಬೀಳುತ್ತವೆ. ನಿರಾಶ್ರಿತರ ಪುನರ್ವಸತಿ ಕ್ಯಾಂಪಿನವರು ಬಂದರೆ ಬಂಗಾಳಿಯೂ. ಲಿಂಗಸುಗೂರು, ಮಸ್ಕಿ ಕಡೆ ಹೋದರೆ ನಮ್ಮ ಕನ್ನಡದ ಧಾಟಿಯೇ ಬೇರೆ. ಇಂಥ ಸೀಮೆಗೆ ಹೇಳಿ ಮಾಡಿಸಿದಂಥ ಸಿನಿಮಾ 1987ರ 'ಪುಷ್ಪಕ ವಿಮಾನ'. ಇಡೀ ಚಿತ್ರದಲ್ಲಿ ಮಾತೇ ಇಲ್ಲ; ಹಾಗಾಗಿ ಡಬ್ಬಿಂಗಿನ ಗೊಡವೆಯೂ ಇಲ್ಲ, ಹೆಸರು ಬದಲಿಸಿದರೆ ಮುಗಿಯಿತು. ತಮಿಳಿನಲ್ಲಿ 'ಪೇಸುಂ ಪಡಂ' ಅಂದರು, ಅಂದರೆ ಮಾತಾಡುವ ಚಿತ್ರ! ತುಂಟತನ ನೋಡಿ.

ಶೃಂಗಾರ್ ನಾಗರಾಜ್ ನಿರ್ಮಾಣ, ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶನ, ಚಿತ್ರೀಕರಣ ಬೆಂಗಳೂರಿನಲ್ಲಿ. 1934ರ 'ಸತಿ ಸುಲೋಚನ'ದಲ್ಲಿ ಕನ್ನಡ ಪರದೆ ಮಾತು ಕಲಿತಿತ್ತು. ಅರ್ಧ ಶತಮಾನ ಕಳೆದ ಮೇಲೆ ಇವರು ಚಾಪ್ಲಿನ್ ಕಾಲದ ಮೌನದ ಕಡೆ ಮತ್ತೆ ಮುಖ ಮಾಡಿದರು.

ಹಾಗಂತ ಇದನ್ನು ಮೂಕಿ ಚಿತ್ರ ಅನ್ನಲು ನನಗೆ ಮನಸ್ಸಿಲ್ಲ. ಮಾತಿಲ್ಲ, ಸದ್ದು ಬೇಕಾದಷ್ಟಿದೆ. ಕಮಲ್ ಹಾಸನ್ ಇಲ್ಲಿ ನಿರುದ್ಯೋಗಿ. ಅವನ ಕೋಣೆ ಟಾಕೀಸಿನ ಪಕ್ಕ. ರಾತ್ರಿ ಮಲಗಿದರೆ ಪರದೆಯ ಹೊಡೆದಾಟವೆಲ್ಲ ಕಿವಿಯೊಳಗೇ. ಮುಂದೆ ದೊಡ್ಡ ಹೋಟೆಲಿನ ಮೆತ್ತನೆ ಹಾಸಿಗೆ ಸಿಗುತ್ತದೆ. ಆದರೆ ಆ ನಿಶ್ಶಬ್ದದಲ್ಲಿ ನಿದ್ದೆಯೇ ಹತ್ತುವುದಿಲ್ಲ. ಹಳೆಯ ಗದ್ದಲವನ್ನೇ ಟೇಪಿಗೆ ತುಂಬಿಕೊಂಡು ಬಂದು, ಹಾಕಿಕೊಂಡು ಮಲಗುತ್ತಾನೆ!

ರೇಡಿಯೊದಲ್ಲಿ ಕೂತು ಇದನ್ನು ಹೇಳುವುದೂ ತಮಾಷೆಯೇ. ಅಲ್ಲಿ ಮಾತಿಲ್ಲ, ಇಲ್ಲಿ ಚಿತ್ರವಿಲ್ಲ. ಚಿತ್ರದಲ್ಲಿ ಬರುವ ಕೊಲೆಗಾರ ಹಿಡಿದು ತಂದ ಮಂಜುಗಡ್ಡೆಯ ಚೂರಿ ತೊಟ್ಟು ತೊಟ್ಟಾಗಿ ಕರಗುವುದನ್ನು ನಾನು ಎಷ್ಟು ಬಣ್ಣಿಸಿದರೂ ಅಷ್ಟೇ, ಅದನ್ನು ನೀವು ನೋಡಿಯೇ ನಗಬೇಕು.