ಒನಕೆಯ ಪೆಟ್ಟಿಗೆ ಎಷ್ಟು ಪ್ರಾಣ?

ಬೇಸಿಗೆ ರಜಕ್ಕೆ ಹಿರಿಯೂರು, ಹೊಸದುರ್ಗಗಳಿಂದ ಮೊಮ್ಮಕ್ಕಳು ಹೊಳಲ್ಕೆರೆಯ ನಮ್ಮ ಮನೆಗೆ ಬಂದು ಸೇರುವುದು ವಾಡಿಕೆ. ಈ ಸಲ ಅವರು ಜಗಲಿಯ ಮೇಲೆ ಹೊಸದೊಂದು ಆಟ ಹೂಡಿದ್ದರು. ಒಬ್ಬನು ಸೂತ್ರಧಾರನಾಗಿ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರ ವಹಿಸಿ ತಾವು ಮಾಡುವುದನ್ನು ಹೇಳುತ್ತಾರೆ. ಫಲವನ್ನು ದಾಳ ತೀರ್ಮಾನಿಸುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರು ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಕುಲ ಇದು. ಮಕ್ಕಳು ಅದನ್ನು ಚಿತ್ರದುರ್ಗದ ಕೋಟೆಗೆ ತಂದಿದ್ದರು. ಓಬವ್ವ, ಒನಕೆ, ಕಿಂಡಿ, ಹೈದರನ ಸೈನಿಕರು.

ಮೊದಲ ಸಂಜೆಯೇ ಜಗಳ. ಓಬವ್ವನಿಗೆ ಇಪ್ಪತ್ತು ಪ್ರಾಣ, ಸೈನಿಕನಿಗೆ ಎಂಟು. ಒನಕೆಯ ಪೆಟ್ಟಿಗೆ ಮೂರೋ ನಾಲ್ಕೋ ಕಳೆಯುತ್ತದೆ. ಹೀಗಾಗಿ ನಡುನೆತ್ತಿಗೆ ಒನಕೆ ಬಿದ್ದವನು ಮತ್ತೆ ಎದ್ದು ಕತ್ತಿ ಬೀಸುತ್ತಾನೆ! ನಾಲ್ಕನೆಯ ಸೈನಿಕನ ಕೈಯಲ್ಲಿ ಓಬವ್ವ ಸತ್ತಳು. ಹೊಸದುರ್ಗದ ಹುಡುಗಿ ಅಳುತ್ತ ಎದ್ದಳು. “ಅಜ್ಜ, ಅವಳಿಗೆ ನೂರು ಪ್ರಾಣ ಕೊಟ್ಟುಬಿಡೋಣ” ಎಂದ ಹಿರಿಯೂರಿನವನು. ನಾನು ಒಪ್ಪಲಿಲ್ಲ. ನೂರು ಪ್ರಾಣವಿದ್ದವಳಿಗೆ ಧೈರ್ಯ ಯಾತಕ್ಕೆ, ನೀವೇ ಹೇಳಿ.

ಮರುದಿನ ಎಲ್ಲರನ್ನೂ ಕೋಟೆಗೆ ಕರೆದೊಯ್ದೆ. ನೀವೂ ಆ ಕಿಂಡಿಯನ್ನು ನೋಡಿರಬಹುದು. ಅದರಲ್ಲಿ ಒಬ್ಬನೇ ನುಸುಳಬೇಕು, ಅದೂ ಬಗ್ಗಿಕೊಂಡು. ಹೊರಗೆ ಸಾವಿರ ಜನವಿದ್ದರೂ ಒಳಗೆ ಬರುವವನು ಒಬ್ಬ. ಅವನ ಕತ್ತಿಗೆ ಬೀಸಲು ಎಡೆಯಿಲ್ಲ. ತಲೆಯೇ ಮೊದಲು ಹೊರಗೆ ಬರುತ್ತದೆ. ನೀರಿಗೆಂದು ಬಂದ ಕಾವಲುಗಾರನ ಹೆಂಡತಿಗೆ ಇಷ್ಟೇ ಅನುಕೂಲ. ಮಕ್ಕಳು ಒಬ್ಬೊಬ್ಬರಾಗಿ ನುಸುಳಿ ನೋಡಿದರು. ನನ್ನ ಮಂಡಿ ಒಪ್ಪದ್ದರಿಂದ ನಾನು ಹೊರಗೇ ನಿಂತೆ.

ಮನೆಗೆ ಬಂದು ನಿಯಮಗಳನ್ನು ತಿದ್ದಿದೆವು. ಪ್ರಾಣದ ಲೆಕ್ಕ ಹೋಯಿತು. ಪೆಟ್ಟು ತಗುಲಿದರೆ ಅವನ ಕಥೆ ಮುಗಿಯಿತು. ಆದರೆ ಒನಕೆ ಭಾರವಾದದ್ದು. ಬೀಸಿದ ಮೇಲೆ ಮತ್ತೆ ಎತ್ತಲು ಒಂದು ಸರದಿ ಬೇಕು, ಹೆಣವನ್ನು ಬದಿಗೆ ಎಳೆಯಲು ಇನ್ನೊಂದು. ಸತ್ತವನು ಕೂಗಿದರೆ ಹಿಂದಿನವನಿಗೆ ಸುಳಿವು ಸಿಗುತ್ತದೆ. ಐದು ಪೆಟ್ಟಿಗೊಮ್ಮೆ ಅವಳ ತೋಳು ಸೋಲುತ್ತದೆ.

ದಾಳದ ಮಾತು ಸ್ವಲ್ಪ ಹೇಳಬೇಕು. ಒಂದೇ ದಾಳದಲ್ಲಿ ಒಂದಕ್ಕೂ ಆರಕ್ಕೂ ಸಮಾನ ಅವಕಾಶ. ಮಹಾ ಅದೃಷ್ಟವೂ ಸಾಧಾರಣ ಫಲವೂ ಒಂದೇ ಬೆಲೆಗೆ ಸಿಕ್ಕಂತೆ. ಚೌಕಾಬಾರಕ್ಕೆ ನಾವು ಒಂದು ಬದಿ ತೇಯ್ದುಕೊಳ್ಳುತ್ತಿದ್ದ ಹುಣಸೆಬೀಜಗಳು ಇದಕ್ಕಿಂತ ಜಾಣ. ಎರಡು ಬದಿಗೂ ಸಮ ಅವಕಾಶವೆಂದುಕೊಂಡರೆ, ನಾಲ್ಕು ಬೀಜ ಬೀಳುವ ಬಗೆ ಹದಿನಾರು. ಅವುಗಳಲ್ಲಿ ಎರಡು ಬಿಳಿ ಮೇಲಾಗುವುದು ಆರು ಬಗೆ, ನಾಲ್ಕೂ ಬಿಳಿಯಾಗುವುದು ಒಂದೇ ಬಗೆ. ಸಾಧಾರಣವಾದದ್ದು ಸಾಧಾರಣವಾಗಿ, ಅಪರೂಪದ್ದು ಅಪರೂಪವಾಗಿ ನಡೆಯುತ್ತದೆ. ಪ್ರಷ್ಯದ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿ 1824ರಲ್ಲಿ ಪ್ರಕಟಿಸಿದ ಯುದ್ಧದಾಟದಲ್ಲಿಯೂ ದಾಳವಿತ್ತು, ಮೇಲೊಬ್ಬ ತೀರ್ಪುಗಾರನಿದ್ದ. ಮುಂದೆ ಕೆಲವರು ದಾಳವನ್ನೇ ಬಿಟ್ಟು ತೀರ್ಪುಗಾರನ ಅನುಭವವನ್ನು ನಂಬಿದರು. ನಮ್ಮ ಜಗಲಿಯಲ್ಲಿ ಅದು ನಡೆಯುವಂತಿರಲಿಲ್ಲ. ತೀರ್ಪುಗಾರನಿಗೆ ಹನ್ನೆರಡು ವರ್ಷ.

ಆ ರಾತ್ರಿ ಓಬವ್ವ ಏಳು ಜನರನ್ನು ಕೆಡವಿ ಎಂಟನೆಯವನಿಗೆ ಸಿಕ್ಕಿದಳು. ಹುಡುಗಿ ಈ ಸಲ ಅಳಲಿಲ್ಲ. ಕಥೆಯಲ್ಲಿಯೂ ಅವಳು ಉಳಿಯಲಿಲ್ಲವೆಂದು ಅವಳಿಗೆ ಗೊತ್ತು. ಕೋಟೆಯೂ 1779ರಲ್ಲಿ ಹೈದರನ ವಶವಾಯಿತು. ಎರಡನೆಯ ಆಟಕ್ಕೆ ಹಿರಿಯೂರಿನವನು ಸೈನಿಕನಾಗಿ ಸಾಲಿನಲ್ಲಿ ನಿಂತ. ತನ್ನ ಸರದಿ ಬಂದಾಗ ಬೀಜಗಳನ್ನು ಕೈಯಲ್ಲೇ ಹಿಡಿದು ಬಹಳ ಹೊತ್ತು ಕುಳಿತ.

“ಅಜ್ಜ, ಮುಂದೆ ಹೋದೋರು ಯಾರೂ ಯಾಕೆ ಮಾತಾಡ್ತಿಲ್ಲ?” ಎಂದ.