ನೀರಿನ ಲೆಕ್ಕ ಕಾಲುವೆಯ ತುದಿಯಿಂದ



ಕಾಲುವೆಯ ನೀರು ಮತ್ತು ಗ್ರಾಮವಾಸಿಗಳ ಹಕ್ಕು ಎಂಬ ಗಹನವಾದ ವಿಷಯವನ್ನು ಕುರಿತು ಬೆಟಗೇರಿಯಲ್ಲಿ ಈ ವಿಚಾರಸಂಕಿರಣವನ್ನು ಏರ್ಪಡಿಸಿ, ಅದರ ಆಶಯವನ್ನು ನಿಮ್ಮ ಮುಂದಿರಿಸುವ ಹೊಣೆಯನ್ನು ನನಗೆ ವಹಿಸಿದ ಸಂಘಟಕರಿಗೆ ನಾನು ಹೃತ್ಪೂರ್ವಕವಾಗಿ ಕೃತಜ್ಞನಾಗಿದ್ದೇನೆ. ಮುಂದೆ ಮಾತನಾಡಲಿರುವ ವಿದ್ವಾಂಸರ ವಿವೇಚನೆಗೆ ಒಂದು ದಿಕ್ಕನ್ನು ಸೂಚಿಸುವುದು ಆಶಯ ಭಾಷಣದ ಧರ್ಮವೆಂದು ತಿಳಿದಿರುವ ನಾನು, ಆ ದಿಕ್ಕು ಯಾವುದೆಂಬುದನ್ನು ಆರಂಭದಲ್ಲಿಯೇ ನಿಸ್ಸಂದಿಗ್ಧವಾಗಿ ಹೇಳಿಬಿಡುತ್ತೇನೆ. ಕಾಲುವೆಯನ್ನು ಕುರಿತ ಯಾವುದೇ ನಿರ್ಣಯವು ಅದರ ಕೊನೆಯ ಹೊಲದಲ್ಲಿ ನಿಂತು ಅಳೆದ ನೀರನ್ನು ಆಧರಿಸಿ, ಆ ಹೊಲವನ್ನು ಉಳುವವನ ಸಮಕ್ಷಮದಲ್ಲಿ ಆದುದಾಗಿರಬೇಕು. ಹಾಗೆ ಆಗದಿದ್ದ ಪಕ್ಷದಲ್ಲಿ, ಕಾಗದದ ಮೇಲೆ ಅದು ಎಷ್ಟೇ ನಿಷ್ಕೃಷ್ಟವಾಗಿ ತೋರಿದರೂ, ನ್ಯಾಯದ ಪರೀಕ್ಷೆಯಲ್ಲಿ ಅದು ನಿಲ್ಲಲಾರದು.

ಗದಗ ಜಿಲ್ಲೆಯ ಭೂಗೋಳವೇ ಈ ಚರ್ಚೆಗೆ ಪೀಠಿಕೆಯನ್ನು ಬರೆದಿಟ್ಟಿದೆ. ಉತ್ತರದ ಅಂಚಿನಲ್ಲಿ ಮಲಪ್ರಭೆ, ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ. ನಡುವೆ ಕಪ್ಪತಗುಡ್ಡದ ಸಾಲು, ಅದರ ಮಗ್ಗುಲಿಗೆ ಮಸಾರಿ ನೆಲ, ಆಚೆಗೆ ಕಣ್ಣು ಹರಿಯುವಷ್ಟು ದೂರ ಎರಿಭೂಮಿ. ಎರಡು ನದಿಗಳ ನಡುವೆ ಬಾಳುತ್ತಿದ್ದೂ ನೀರಿಗಾಗಿ ಮುಗಿಲಿನ ಕಡೆ ನೋಡಬೇಕಾದ ಈ ನಾಡಿನ ಜನರು, ಬಿದ್ದ ಮಳೆಯನ್ನು ಹಿಡಿದಿಡುವ ವಿದ್ಯೆಯನ್ನು ಪುರಾತನ ಕಾಲದಿಂದಲೂ ಸಾಧಿಸಿಕೊಂಡು ಬಂದವರು. ನೂರೊಂದು ಗುಡಿ, ನೂರೊಂದು ಬಾವಿಗಳ ಊರೆಂದು ಜನ ಇಂದಿಗೂ ಹೇಳುವ ಲಕ್ಕುಂಡಿಯಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ನೆಲದೊಳಕ್ಕೆ ಇಳಿಯುವ ಮುಸುಕಿನ ಬಾವಿಯನ್ನು ನೋಡಿದವರು, ನೀರನ್ನು ದೇವತೆಯ ಸಮಾನವಾಗಿ ಗೌರವಿಸಿದ ಒಂದು ಸಮಾಜದ ಮನೋಧರ್ಮವನ್ನು ಅಲ್ಲಿಯ ಕಲ್ಲುಗಳಲ್ಲಿ ಕಾಣುತ್ತಾರೆ. ಡಂಬಳದ ಕೆರೆ, ಮಾಗಡಿಯ ಕೆರೆ ಮೊದಲಾದವು ಆ ಪರಂಪರೆಯ ಜೀವಂತ ಸಾಕ್ಷಿಗಳು. ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿಕರ ಸಹಕಾರ ಸಂಘವನ್ನು ಸ್ಥಾಪಿಸಿ, ಹಣದ ವ್ಯವಹಾರವನ್ನು ಹಳ್ಳಿಯ ಜನ ತಾವೇ ಪ್ರಾಮಾಣಿಕವಾಗಿ ನಡೆಸಬಲ್ಲರೆಂಬುದನ್ನು ದೇಶಕ್ಕೆ ತೋರಿಸಿಕೊಟ್ಟರು. ಹಣದ ಲೆಕ್ಕವನ್ನು ಇಟ್ಟ ಜನ ನೀರಿನ ಲೆಕ್ಕವನ್ನು ಇಡಲಾರರೆಂದು ಹೇಳುವವರು ಈ ಇತಿಹಾಸಕ್ಕೆ ಮೊದಲು ಉತ್ತರ ಕೊಡಬೇಕು.

ಈಗ ಮಲಪ್ರಭೆಯ ಕಡೆಗೆ ಬರೋಣ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿಗೆ, ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಅಣೆಕಟ್ಟನ್ನು ಕಟ್ಟಿ, 37.73 ಟಿ.ಎಂ.ಸಿ. ಸಾಮರ್ಥ್ಯದ ಜಲಾಶಯವನ್ನು ನಿರ್ಮಿಸಿ, 1970ರ ದಶಕದಲ್ಲಿ ನವಲಗುಂದ, ನರಗುಂದ, ರೋಣಗಳ ಎರಿಭೂಮಿಗೆ ಕಾಲುವೆಗಳನ್ನು ತಂದಾಗ, ಹಿಂಗಾರಿ ಜೋಳ, ಕಡಲೆ, ಕುಸುಬೆಗಳಲ್ಲಿ ತೃಪ್ತರಾಗಿದ್ದ ರೈತರ ಮನಸ್ಸಿನಲ್ಲಿ ಹೊಸ ಆಸೆಗಳು ಚಿಗುರಿದುದು ಸ್ವಾಭಾವಿಕವೇ ಆಗಿತ್ತು. ಧಾರವಾಡದಲ್ಲಿ ಹತ್ತಿಯ ತಳಿವಿಜ್ಞಾನಿ ಡಾ. ಕಟರಕಿಯವರು 1972ರಲ್ಲಿ ರೂಪಿಸಿದ ವರಲಕ್ಷ್ಮಿ ಎಂಬ ಹತ್ತಿಯ ತಳಿ ಆ ಆಸೆಗೆ ರೆಕ್ಕೆಗಳನ್ನು ಕೊಟ್ಟಿತು. ಬೀಜಕ್ಕೆ, ಗೊಬ್ಬರಕ್ಕೆ, ಔಷಧಕ್ಕೆ ಸಾಲ ಮಾಡಿದ ಒಕ್ಕಲಿಗನು, ಹತ್ತಿಯ ಬೆಲೆ ಕುಸಿದಾಗ ಸಾಲದ ಭಾರದಲ್ಲಿ ಸಿಲುಕಿದನು. ಅದೇ ವೇಳೆಗೆ ಸರ್ಕಾರದಿಂದ ನೀರಿನ ಕರದ ಜೊತೆಗೆ ಅಭಿವೃದ್ಧಿ ಕರದ ಬೇಡಿಕೆಯೂ ಬಂದಿತು.

ಆ ಅಭಿವೃದ್ಧಿ ಕರದ ಹಿಂದಿರುವ ತತ್ತ್ವವು ತನ್ನಷ್ಟಕ್ಕೆ ಅನ್ಯಾಯವಾದುದಲ್ಲವೆಂಬುದನ್ನು ಒಪ್ಪಬೇಕು. ಸಾರ್ವಜನಿಕರ ಹಣದಿಂದ ಕಾಲುವೆ ಬಂದು, ಅದರಿಂದ ಒಬ್ಬನ ಭೂಮಿಯ ಬೆಲೆ ಏರಿದರೆ, ಆ ಏರಿಕೆಯ ಒಂದಂಶವನ್ನು ಅವನು ಸಮಾಜಕ್ಕೆ ಹಿಂದಿರುಗಿಸಬೇಕೆಂದು 1957ರ ಶಾಸನವು ವಿಧಿಸಿತ್ತು. ಆದರೆ ಭೂಮಿಯ ಬೆಲೆ ಏರುವುದು ಕಾಲುವೆ ತೋಡಿದುದರಿಂದಲ್ಲ, ಅದರಲ್ಲಿ ನೀರು ಹರಿದುದರಿಂದ. ವಿತರಣಾ ಕಾಲುವೆಯ ಬಾಯಿಯಲ್ಲಿ ಮೊಣಕಾಲುದ್ದ ಹರಿಯುವ ನೀರು ಉಪಕಾಲುವೆಗೆ ಹೊರಳಿ, ಹೂಳು ತುಂಬಿದ ತಿರುವುಗಳನ್ನು ದಾಟಿ, ಒಡೆದ ಕಲ್ಲುಹಾಸಿನ ಸಂದುಗಳಲ್ಲಿ ಇಂಗಿ, ಮೇಲಿನ ಹೊಲದವರು ರಾತ್ರಿಯ ಹೊತ್ತು ತಿರುಗಿಸಿಕೊಂಡು ಉಳಿದಷ್ಟೇ ಕೊನೆಯ ಹೊಲಗಾಲುವೆಗೆ ಬಂದಾಗ, ಅದು ತಳದ ಮಣ್ಣನ್ನು ನೆನೆಸಿ ಮುಗಿದುಹೋಗುತ್ತದೆ. ತುಕ್ಕು ಹಿಡಿದ ಗೇಟಿನ ಪಕ್ಕದಲ್ಲಿ ಜಾಲಿಯ ಗಿಡ ಬೆಳೆದು ನೆರಳು ಕೊಡುವಷ್ಟಾಗಿರುತ್ತದೆ. ಗೇಣಗಲ ಬಿರಿದ ಎರಿಯಲ್ಲಿ ಹತ್ತಿಯ ಗಿಡ ಎಲೆ ಮುದುಡಿ ನಿಂತಿರುತ್ತದೆ. ಆದರೆ ಆ ಹೊಲದ ಉತಾರದಲ್ಲಿ ಮಾತ್ರ ಅದು ನೀರಾವರಿ ಜಮೀನೆಂದು ಸ್ಫುಟವಾಗಿ ದಾಖಲಾಗಿರುತ್ತದೆ. ಇನ್ನು ನೀರು ಮಿತಿಮೀರಿ ನಿಂತ ಮೇಲ್ಭಾಗದಲ್ಲಿ ಎರಿಭೂಮಿಯು ಸವಳು ಜವಳಾಗಿ, ತಾತಂದಿರ ಕಾಲದಿಂದ ಬೆಳೆ ಕೊಟ್ಟ ನೆಲ ಬಂಜರಾದುದೂ ಉಂಟು. ನೀರು ಬಾರದವನಿಗೂ, ನೀರಿನಿಂದಲೇ ಕೆಟ್ಟವನಿಗೂ ಒಂದೇ ಬಗೆಯ ಕರದ ನೋಟೀಸು ಬಂದುದು ಮುಂದೆ ನಡೆದ ರೈತ ಹೋರಾಟದ ಮೂಲ.

ಮಲಪ್ರಭಾ ನೀರಾವರಿ ಪ್ರದೇಶದ ರೈತರು ಸಮನ್ವಯ ಸಮಿತಿಯೊಂದನ್ನು ರಚಿಸಿಕೊಂಡು, ಮನವಿ ಸಲ್ಲಿಸಿ, ಸಭೆ ಸೇರಿ, ಕರ ನಿರಾಕರಣೆಯ ನಿರ್ಧಾರವನ್ನು ಘೋಷಿಸಿದರು. 1980ರ ಜುಲೈ 21ರಂದು ನವಲಗುಂದ ಮತ್ತು ನರಗುಂದಗಳಲ್ಲಿ ಸಹಸ್ರಾರು ರೈತರು ನೆರೆದಾಗ ಪರಿಸ್ಥಿತಿ ಕೈಮೀರಿ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಎಂಬ ರೈತರು ಪೊಲೀಸರ ಗುಂಡಿಗೆ ಬಲಿಯಾದರು. ನರಗುಂದದಲ್ಲಿ ರೊಚ್ಚಿಗೆದ್ದ ಜನಸಮೂಹದ ಕೈಯಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಆ ಎಲ್ಲ ಜೀವಗಳನ್ನೂ ನಾವು ಇಂದು ಸಮಾನವಾದ ದುಃಖದಿಂದ ಸ್ಮರಿಸಬೇಕು. ಆ ಹೋರಾಟದ ಕಿಡಿಯು ರಾಜ್ಯದಾದ್ಯಂತ ಹರಡಿತು. ಕರ್ನಾಟಕ ರಾಜ್ಯ ರೈತ ಸಂಘವು ಅದೇ ವರ್ಷ ರೂಪುಗೊಂಡಿತು. ಅಂದಿನ ಮುಖ್ಯಮಂತ್ರಿ ಗುಂಡೂರಾಯರ ಸರ್ಕಾರವು 1983ರ ಚುನಾವಣೆಯಲ್ಲಿ ಅಧಿಕಾರವನ್ನು ಕಳೆದುಕೊಳ್ಳಲು ಕಾರಣವಾದ ಅಸಮಾಧಾನದಲ್ಲಿ ಈ ಘಟನೆಯ ಪಾಲೂ ದೊಡ್ಡದು. ಜುಲೈ 21ನ್ನು ಈ ಭಾಗದ ರೈತರು ಇಂದಿಗೂ ಹುತಾತ್ಮರ ದಿನವೆಂದು ಆಚರಿಸುತ್ತಾರೆ. ಕಾಲುವೆಯ ತುದಿಯಲ್ಲಿ ನಿಂತು ನೀರನ್ನು ಒಮ್ಮೆ ಅಳೆದಿದ್ದರೆ ತಪ್ಪಬಹುದಾಗಿದ್ದ ಅನರ್ಥವಿದು ಎಂಬುದೇ ನನ್ನ ದೃಢವಾದ ನಂಬಿಕೆ.

ಬಂಗಾಳದ ಬರ್ದ್ವಾನ್ ಜಿಲ್ಲೆಯ ದಾಮೋದರ ಕಾಲುವೆಯ ರೈತರು, 1935ರ ಅಭಿವೃದ್ಧಿ ಕಾಯಿದೆಯಡಿ ತಮ್ಮ ಮೇಲೆ ಹೇರಲಾದ ಕರವನ್ನು ವಿರೋಧಿಸಿ ಆ ದಶಕದಲ್ಲಿಯೇ ಚಳವಳಿ ನಡೆಸಿದ್ದರೆಂಬುದನ್ನು ನೆನೆದರೆ, ನರಗುಂದದ ಪ್ರಶ್ನೆ ಕೇವಲ ನರಗುಂದದ್ದಲ್ಲವೆಂಬುದು ವೇದ್ಯವಾಗುತ್ತದೆ. ಆಳುವವರು ಪರಕೀಯರಾಗಿದ್ದಾಗಲೂ ಸ್ವಕೀಯರಾಗಿದ್ದಾಗಲೂ ತಪ್ಪು ಒಂದೇ ಆಗಿತ್ತು. ನೀರನ್ನು ಕೊಡುವವರು ಅದನ್ನು ಕಾಲುವೆಯ ತಲೆಯಲ್ಲಿ ಅಳೆದರು. ಪಡೆಯುವವರು ತುದಿಯಲ್ಲಿ ಬರಿಗೈಯಲ್ಲಿ ನಿಂತಿದ್ದರು.

1980ರ ನಂತರ ಕಾಲುವೆಗಳ ಆಡಳಿತವು ಹೊಸ ರೂಪವನ್ನು ತಾಳಿತು. ಅರ್ಧಕ್ಕೆ ನಿಂತ ಯೋಜನೆಗಳಿಗೆ ಬಾಂಡುಗಳ ಮೂಲಕ ಹಣವನ್ನು ಸಂಗ್ರಹಿಸುವ ಉದ್ದೇಶದಿಂದ, 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮವೂ, 1998ರಲ್ಲಿ ಕರ್ನಾಟಕ ನೀರಾವರಿ ನಿಗಮವೂ ಕಂಪನಿ ಕಾಯಿದೆಯ ಅನ್ವಯ ಸ್ಥಾಪಿತವಾದವು; ಮಲಪ್ರಭೆಯೂ ಸಿಂಗಟಾಲೂರು ಏತ ನೀರಾವರಿಯೂ ಎರಡನೆಯದರ ಆಡಳಿತಕ್ಕೆ ಒಳಪಟ್ಟವು. ನಿಗಮದ ಒಡೆತನ ಸರ್ಕಾರದ್ದೇ. ಅದರ ಎಂಜಿನಿಯರುಗಳು ನಮ್ಮವರೇ, ಸಮರ್ಥರೇ. ಆದರೂ ಕಂಪನಿಯ ಸ್ವರೂಪದಲ್ಲಿಯೇ ಒಂದು ಸಮಸ್ಯೆ ಅಡಗಿದೆ. ಕಂಪನಿಯು ತನ್ನ ನಿರ್ದೇಶಕ ಮಂಡಳಿಗೆ ಲೆಕ್ಕ ಒಪ್ಪಿಸುತ್ತದೆ. ಆ ಮಂಡಳಿಯಲ್ಲಿ ಕೊನೆಯ ಹೊಲದ ರೈತನು ಪಾಲುದಾರನೂ ಅಲ್ಲ, ನಿರ್ದೇಶಕನೂ ಅಲ್ಲ. ಈ ಕೊರತೆಯನ್ನು ತುಂಬಲೆಂದೇ 2000ದಲ್ಲಿ ನೀರಾವರಿ ಕಾಯಿದೆಯನ್ನು ತಿದ್ದಿ, ನೀರು ಬಳಕೆದಾರರ ಸಹಕಾರ ಸಂಘಗಳು ನೀರನ್ನು ಅಳತೆಯ ಮೇಲೆ ಸಗಟಾಗಿ ಪಡೆದು, ತಮ್ಮೊಳಗೆ ಹಂಚಿಕೊಂಡು, ಕರವನ್ನು ತಾವೇ ವಸೂಲು ಮಾಡುವ ವ್ಯವಸ್ಥೆಗೆ ಅವಕಾಶ ಕಲ್ಪಿಸಲಾಯಿತು. ಕಣಗಿನಹಾಳದ ತತ್ತ್ವವನ್ನು ನೀರಿಗೆ ಅನ್ವಯಿಸುವ ಈ ವಿಚಾರವು ಅತ್ಯಂತ ಸ್ತುತ್ಯವಾದುದು. ಆದರೆ ಅಂಥ ಸಂಘಗಳು ಅನೇಕ ಕಡೆಗಳಲ್ಲಿ ನೋಂದಣಿಯ ಪುಸ್ತಕವನ್ನು ದಾಟಿ ಕಾಲುವೆಯ ದಂಡೆಯವರೆಗೆ ಇನ್ನೂ ಬಂದಿಲ್ಲ.

ನಮ್ಮ ದಕ್ಷಿಣದ ಅಂಚಿನಲ್ಲಿ, ಮುಂಡರಗಿ ತಾಲ್ಲೂಕಿನ ಹಮ್ಮಿಗಿಯ ಬಳಿ, ತುಂಗಭದ್ರೆಗೆ ಬ್ಯಾರೇಜು ನಿರ್ಮಿಸಿ ನೀರನ್ನು ಮೇಲೆತ್ತುವ ಸಿಂಗಟಾಲೂರು ಯೋಜನೆಯ ಕಥೆಯೂ ಇದೇ ಪ್ರಶ್ನೆಯನ್ನು ಬೇರೊಂದು ರೀತಿಯಲ್ಲಿ ಕೇಳುತ್ತದೆ. ಗದಗ-ಬೆಟಗೇರಿಯ ಕುಡಿಯುವ ನೀರಿಗೂ ಹಮ್ಮಿಗಿಯೇ ಆಧಾರ. ಆ ನೀರಿಗಾಗಿ ಬಿದರಹಳ್ಳಿ, ವಿಠಲಾಪುರ, ಗುಮ್ಮಗೋಳಗಳ ಜನ ತಮ್ಮ ಊರನ್ನೇ ಬಿಟ್ಟುಕೊಡಬೇಕಾಯಿತೆಂಬುದನ್ನು ನಲ್ಲಿ ತಿರುಗಿಸುವ ಪಟ್ಟಣವಾಸಿಗಳಾದ ನಾವು ಮರೆಯಲಾಗದು. ಈ ಯೋಜನೆಯ ಎಡದಂಡೆಯ ಭಾಗದಲ್ಲಿ ತೆರೆದ ಕಾಲುವೆಯ ಬದಲು ಕೊಳವೆಗಳ ಮೂಲಕ ಸೂಕ್ಷ್ಮ ನೀರಾವರಿ ಮಾಡಬೇಕೆಂಬ ನಿರ್ಧಾರವಾದಾಗ, ತಮಗೆ ಕಾಲುವೆಯೇ ಬೇಕೆಂದು ರೈತರು ಒತ್ತಾಯಿಸಿದರು. ಮಿತವಾದ ನೀರಿನಲ್ಲಿ ಹೆಚ್ಚು ನೆಲವನ್ನು ತಣಿಸಬಹುದೆಂಬ ತಂತ್ರಜ್ಞರ ವಾದದಲ್ಲಿ ಸತ್ಯವಿದೆ. ಸವಳು ಜವಳಿನ ಭಯವೂ ಅದರಿಂದ ತಗ್ಗುತ್ತದೆ. ಆದರೆ ಕಾಲುವೆಯಲ್ಲಿ ಹರಿಯುವ ನೀರು ಬೆಳೆಯ ಬೇರಿಗೆ ಮಾತ್ರ ಸೇರುವುದಿಲ್ಲ. ದಂಡೆಯ ಬಾವಿಗಳಲ್ಲಿ ಅದು ಒಸರುತ್ತದೆ, ಊರ ಕೆರೆಯನ್ನು ತುಂಬುತ್ತದೆ, ದನಕರುಗಳಿಗೆ ಕುಡಿಯಲು ಒದಗುತ್ತದೆ. ಹೊಲವಿಲ್ಲದ ಕೂಲಿಯವನ ಮನೆಯ ಆಡಿಗೂ ಅದರಲ್ಲಿ ಪಾಲುಂಟು. ಮುಚ್ಚಿದ ಕೊಳವೆಯಲ್ಲಿ ಆ ಪಾಲು ಇಲ್ಲದಂತಾಗುತ್ತದೆ. ಜೊತೆಗೆ ವಿದ್ಯುತ್ತು ನಿಂತ ದಿನ ಏನು ಗತಿ, ಸೋಸುವ ಯಂತ್ರ ಕೆಟ್ಟರೆ ದುರಸ್ತಿ ಮಾಡುವವರು ಯಾರು, ಒಡೆದ ಪೈಪಿನ ಬೆಲೆ ಯಾರ ತಲೆಯ ಮೇಲೆ ಎಂಬ ರೈತರ ಪ್ರಶ್ನೆಗಳು ಅಜ್ಞಾನದಿಂದ ಹುಟ್ಟಿದವಲ್ಲ, ಅನುಭವದಿಂದ ಹುಟ್ಟಿದವು. ಈ ಎರಡು ಸತ್ಯಗಳು ಒಂದೇ ಮೇಜಿನ ಮುಂದೆ, ನಿರ್ಣಯವಾಗುವುದಕ್ಕೆ ಮುಂಚೆ ಭೇಟಿಯಾಗಬೇಕು.

ನೀರೇ ಕಡಿಮೆಯಾಗಿರುವಾಗ ನಿಗಮ ಏನು ಮಾಡಬಲ್ಲದೆಂಬ ಪ್ರಶ್ನೆಯನ್ನೂ ನಾವು ಪ್ರಾಮಾಣಿಕವಾಗಿ ಎದುರಿಸಬೇಕು. ನವಿಲುತೀರ್ಥದ ಜಲಾಶಯ ಪೂರ್ತಿ ತುಂಬಿದ ವರ್ಷಗಳು ವಿರಳ. ಅದರಿಂದಲೇ ಹುಬ್ಬಳ್ಳಿ-ಧಾರವಾಡಕ್ಕೂ ನೀರು ಹೋಗಬೇಕು. ಮೇಲ್ಭಾಗದ ರೈತರು ಗೊತ್ತುಪಡಿಸಿದ ಬೆಳೆ ಪದ್ಧತಿಯನ್ನು ಮೀರಿ ಹೆಚ್ಚು ನೀರು ಬೇಡುವ ಬೆಳೆಗಳನ್ನು ಹಾಕುವುದೂ ನಿಜ. ಮಲಪ್ರಭೆಗೆ ಮಹದಾಯಿಯ ನೀರನ್ನು ತರಬೇಕೆಂದು 2015ರ ಜುಲೈಯಲ್ಲಿ ನರಗುಂದದಲ್ಲಿ ಆರಂಭವಾದ ಧರಣಿ, ಆ ಅಭಾವದ ತೀವ್ರತೆಯನ್ನು ನಾಡಿಗೆಲ್ಲ ಸಾರಿತು. 2018ರ ಆಗಸ್ಟಿನಲ್ಲಿ ಮಹದಾಯಿ ಜಲವಿವಾದ ನ್ಯಾಯಾಧಿಕರಣವು ಕರ್ನಾಟಕಕ್ಕೆ ಒಟ್ಟು 13.42 ಟಿ.ಎಂ.ಸಿ. ನೀರನ್ನು ಹಂಚಿತು. ಆದರೆ ಹೊರಗಿನಿಂದ ಎಷ್ಟು ನೀರು ಬಂದರೂ, ಒಳಗಿನ ಹಂಚಿಕೆ ನ್ಯಾಯವಾಗಿಲ್ಲದಿದ್ದರೆ ಅದು ಮೊದಲ ತೂಬುಗಳಲ್ಲಿಯೇ ತೀರಿಹೋಗುತ್ತದೆ. ಅಭಾವದ ಕಾಲದಲ್ಲಿ ಮನುಷ್ಯರು ಅಲ್ಪಪಾಲನ್ನು ಸಹಿಸಬಲ್ಲರು; ಅದು ಎಲ್ಲರಿಗೂ ಅಲ್ಪವೆಂದು ಕಣ್ಣಾರೆ ಕಂಡಾಗ ಮಾತ್ರ ಸಹಿಸಬಲ್ಲರು. ಸ್ಪೇನ್ ದೇಶದ ವೆಲೆನ್ಸಿಯಾ ನಗರದಲ್ಲಿ, ಕಾಲುವೆಗಳ ರೈತರೇ ಆರಿಸಿದ ಪ್ರತಿನಿಧಿಗಳು ಪ್ರತಿ ಗುರುವಾರ ಮಧ್ಯಾಹ್ನ ಕೆಥೆಡ್ರಲಿನ ಬಾಗಿಲಲ್ಲಿ, ಸಾರ್ವಜನಿಕರ ಎದುರಿನಲ್ಲಿ ಕುಳಿತು, ನೀರಿನ ವ್ಯಾಜ್ಯಗಳನ್ನು ಬಾಯಿಮಾತಿನಲ್ಲಿ ಆಲಿಸಿ ಅಲ್ಲಿಯೇ ತೀರ್ಪು ಕೊಡುವ ಸಂಪ್ರದಾಯವು ಶತಮಾನಗಳಿಂದ ನಡೆದುಬಂದಿದೆ. ಆ ತೀರ್ಪಿನ ಬಲವಿರುವುದು ಅದರ ಬಹಿರಂಗತೆಯಲ್ಲಿ.

ನಮ್ಮ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಕಮಲ್ ನಾಥ್ ಪ್ರಕರಣದಲ್ಲಿ, ನದಿಯಂಥ ನಿಸರ್ಗಸಂಪತ್ತಿಗೆ ಸರ್ಕಾರವು ಪ್ರಜೆಗಳ ಪರವಾದ ಧರ್ಮದರ್ಶಿ ಮಾತ್ರವೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಧರ್ಮದರ್ಶಿಯು ಸ್ಥಾಪಿಸಿದ ಕಂಪನಿಯಾದ ನಿಗಮಕ್ಕೂ ಅದೇ ಧರ್ಮ ಅನ್ವಯಿಸಬೇಕು.

ಆದುದರಿಂದ ಈ ಸಂಕಿರಣದ ಗೋಷ್ಠಿಗಳು ಮೂರು ವಿಷಯಗಳನ್ನು ವಿಶೇಷವಾಗಿ ವಿವೇಚಿಸಬೇಕೆಂದು ನಾನು ಬಿನ್ನವಿಸುತ್ತೇನೆ. ಮೊದಲನೆಯದು, ಪ್ರತಿಯೊಂದು ವಿತರಣಾ ಕಾಲುವೆಯ ಕೊನೆಯಲ್ಲಿ ನೀರಿನ ಅಳತೆಯನ್ನು ನಡೆಸಿ, ಅದನ್ನು ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಪ್ರಕಟಿಸುವ ವಿಧಾನ. ಎರಡನೆಯದು, ಕಾಲುವೆಯನ್ನು ಮುಚ್ಚುವ, ತಿರುಗಿಸುವ ಅಥವಾ ಅದರ ಸ್ವರೂಪವನ್ನೇ ಬದಲಿಸುವ ಮುನ್ನ, ಭೂಮಿಯುಳ್ಳವರನ್ನೂ ಇಲ್ಲದವರನ್ನೂ ಒಳಗೊಂಡ ಗ್ರಾಮಸಭೆಯ ಅಭಿಪ್ರಾಯವನ್ನು ನಿಗಮವು ಕಡ್ಡಾಯವಾಗಿ ಪಡೆಯುವ ನಿಯಮ. ಮೂರನೆಯದು, ನೀರು ಬಳಕೆದಾರರ ಸಂಘಗಳಿಗೆ ನಿಜವಾದ ಅಧಿಕಾರವನ್ನೂ, ಕೊನೆಯ ಹೊಲದವರಿಗೆ ಆ ಸಂಘಗಳ ಆಡಳಿತದಲ್ಲಿ ನಿಶ್ಚಿತವಾದ ಸ್ಥಾನವನ್ನೂ ಕೊಡುವ ಬಗೆ.

ವಿದ್ವಾಂಸರೇ, ನೀವು ಮಂಡಿಸಲಿರುವ ಪ್ರಬಂಧಗಳು ಗ್ರಂಥಾಲಯದಲ್ಲಿ ಉಳಿಯದೆ ನಿಗಮದ ಕಚೇರಿಗೂ, ಹಳ್ಳಿಯ ಚಾವಡಿಗೂ ತಲಪಲಿ. ಎಂಜಿನಿಯರ್ ಬಂಧುಗಳೇ, ಮುಂದಿನ ಹಂಗಾಮಿನಲ್ಲಿ ನೀರು ಬಿಡುವ ದಿನ ಅಣೆಕಟ್ಟಿನ ಗೇಟಿನ ಬಳಿಗೆ ಹೋಗುವಂತೆಯೇ ಕಾಲುವೆಯ ಕೊನೆಗೂ ಒಮ್ಮೆ ಹೋಗಿ ನಿಲ್ಲಿರಿ. ರೈತ ಬಂಧುಗಳೇ, ನಿಮ್ಮ ಹಕ್ಕನ್ನು ಕೇಳುವಾಗ ನಿಮಗಿಂತ ಕೆಳಗಿನ ಹೊಲದವನ ಹಕ್ಕನ್ನೂ ಕೇಳಿರಿ. ಆ ಒಗ್ಗಟ್ಟಿನ ಮುಂದೆ ಯಾವ ಅನ್ಯಾಯದ ನಿರ್ಣಯವೂ ಬಹುಕಾಲ ನಿಲ್ಲಲಾರದು.